ಮಂಡಿ ಸವೆತಕ್ಕೆ ಅಯಸ್ಕಾಂತ: ಎಷ್ಟು ನಂಬಬಹುದು?

ನಮಸ್ಕಾರ. ಮುಂಬಯಿಯ ಕನ್ನಡಿಗರಲ್ಲಿ, ಅದರಲ್ಲೂ ಹೋಟೆಲಿನ ಅಡುಗೆಮನೆಯಲ್ಲಿಯೋ ಗಲ್ಲಾಪೆಟ್ಟಿಗೆಯ ಹಿಂದೆಯೋ ನಿಂತೇ ಆಯುಷ್ಯ ಸವೆಸಿದವರಲ್ಲಿ, ಗಂಟುನೋವಿನ ಮಾತು ಬಂದರೆ ಈಗ ಅಯಸ್ಕಾಂತದ ಮಾತೂ ಬಂದೇ ಬರುತ್ತದೆ. ಒಬ್ಬರು ಚೈನ್ ಮಾರ್ಕೆಟಿಂಗ್‌ನ ಪರಿಚಯಸ್ಥರಿಂದ ಅಯಸ್ಕಾಂತದ ಹಾಸಿಗೆ ಕೊಂಡಿರುತ್ತಾರೆ, ಇನ್ನೊಬ್ಬರು ಮಂಡಿಗೆ ಬೆಲ್ಟು ಕಟ್ಟಿಕೊಂಡಿರುತ್ತಾರೆ, ಮತ್ತೊಬ್ಬರು ಡೊಂಬಿವಲಿಯದೋ ಮುಲುಂಡಿನದೋ ಕ್ಲಿನಿಕ್ಕಿನಲ್ಲಿ ಮ್ಯಾಗ್ನೆಟಿಕ್ ಥೆರಪಿಯ ಪ್ಯಾಕೇಜಿಗೆ ಮುಂಗಡ ಕೊಟ್ಟಿರುತ್ತಾರೆ. ಈ ಮೂರನ್ನೂ ಒಂದೇ ತಕ್ಕಡಿಗೆ ಹಾಕಬಾರದು.

ಹಾಸಿಗೆ, ಬೆಲ್ಟುಗಳ ವಿಚಾರ ಬೇಗ ಮುಗಿಯುವಂಥದ್ದು. ಇವುಗಳಲ್ಲಿರುವುದು ಸ್ಥಿರ ಅಯಸ್ಕಾಂತ. ರಕ್ತದಲ್ಲಿರುವ ಕಬ್ಬಿಣವನ್ನು ಅದು ಎಳೆದು ರಕ್ತಸಂಚಾರ ಹೆಚ್ಚಿಸುತ್ತದೆ ಎಂದು ಮಾರುವವರು ಹೇಳುತ್ತಾರೆ. ಆದರೆ ಹಿಮೋಗ್ಲೋಬಿನ್‌ನ ಕಬ್ಬಿಣ ಮೊಳೆಯ ಕಬ್ಬಿಣದ ಹಾಗೆ ವರ್ತಿಸುವುದಿಲ್ಲ. ಆಮ್ಲಜನಕ ತುಂಬಿದ ಹಿಮೋಗ್ಲೋಬಿನ್ ಅಯಸ್ಕಾಂತದಿಂದ ಅತ್ಯಲ್ಪವಾಗಿ ದೂರಕ್ಕೇ ತಳ್ಳಲ್ಪಡುತ್ತದೆ ಎಂಬುದನ್ನು ರಸಾಯನವಿಜ್ಞಾನಿಗಳಾದ ಲೈನಸ್ ಪೌಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ 1936ರಲ್ಲೇ ತೋರಿಸಿದ್ದಾರೆ. ಅಷ್ಟು ದೂರ ಹೋಗುವುದೂ ಬೇಡ. ಎಂಆರ್‌ಐ ಯಂತ್ರದ ಅಯಸ್ಕಾಂತ ಸಾಮಾನ್ಯವಾಗಿ 1.5 ಟೆಸ್ಲಾದ್ದು, ಬೆಲ್ಟಿನದಕ್ಕಿಂತ ಎಷ್ಟೋ ಪಟ್ಟು ಬಲವಾದದ್ದು. ಮಂಡಿಯ ಸ್ಕ್ಯಾನ್‌ಗೆಂದು ಅದರಲ್ಲಿ ಅರ್ಧ ಗಂಟೆ ಮಲಗಿದವರು ಕುಂಟುತ್ತಲೇ ಹೊರಗೆ ಬರುತ್ತಾರೆ. ಇಂತಹ ಬೆಲ್ಟುಗಳನ್ನು ಪರೀಕ್ಷಿಸುವುದೂ ಸುಲಭವಲ್ಲ ಎನ್ನಿ, ಏಕೆಂದರೆ ತನಗೆ ಸಿಕ್ಕಿದ್ದು ನಿಜವಾದದ್ದೋ ಅಯಸ್ಕಾಂತವಿಲ್ಲದ ನಕಲಿಯೋ ಎಂಬುದು ಕಟ್ಟಿಕೊಂಡವರಿಗೆ ತಿಳಿಯಬಾರದು, ಆದರೆ ನಿಜವಾದದ್ದು ಬೀಗದ ಕೈಗೆ ಅಂಟಿಕೊಂಡು ತನ್ನ ಗುಟ್ಟನ್ನು ತಾನೇ ಬಿಟ್ಟುಕೊಡುತ್ತದೆ.

ಕ್ಲಿನಿಕ್ಕಿನ ಯಂತ್ರದ ಕಥೆ ಬೇರೆ. ಅಲ್ಲಿ ಮಂಚದ ಮೇಲೆ ಕಾಲು ಚಾಚಿ ಮಲಗಿದವರ ಮಂಡಿಯ ಸುತ್ತ ಅಗಲವಾದ ಬಳೆಯಾಕಾರದ ಸುರುಳಿಯನ್ನು ಇಡುತ್ತಾರೆ. ಬಿಸಿ ತಾಗುವುದಿಲ್ಲ, ಜುಮ್ಮೆನ್ನುವುದಿಲ್ಲ, ಪ್ಯಾಂಟನ್ನು ಮಡಚಬೇಕಾಗಿಯೂ ಇಲ್ಲ. ಸುರುಳಿಯಲ್ಲಿ ವಿದ್ಯುತ್ತು ಬಿಟ್ಟುಬಿಟ್ಟು ಹರಿಯುವುದರಿಂದ ಕಾಂತಕ್ಷೇತ್ರ ಏರಿಳಿಯುತ್ತದೆ, ಏರಿಳಿಯುವ ಕಾಂತಕ್ಷೇತ್ರ ಅಂಗಾಂಶದೊಳಗೆ ಸಣ್ಣ ವಿದ್ಯುತ್ತನ್ನು ಹುಟ್ಟಿಸುತ್ತದೆ. ಇದು ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ವ. ಒತ್ತಡಕ್ಕೆ ಸಿಕ್ಕ ಮೂಳೆಯಲ್ಲಿ ವಿದ್ಯುತ್ತು ಹುಟ್ಟುತ್ತದೆ ಎಂದು ಜಪಾನಿನ ಫುಕಾಡಾ ಮತ್ತು ಯಾಸುದಾ 1957ರಲ್ಲಿ ಪ್ರಕಟಿಸಿದ ಮೇಲೆ, ಹೊರಗಿನಿಂದ ವಿದ್ಯುತ್ತು ಪ್ರೇರಿಸಿದರೆ ಮೂಳೆ ಬೆಳೆದೀತೇ ಎಂಬ ಪ್ರಶ್ನೆ ಎದ್ದಿತು. ನ್ಯೂಯಾರ್ಕಿನ ಮೂಳೆತಜ್ಞ ಆಂಡ್ರ್ಯೂ ಬ್ಯಾಸೆಟ್ ಎಪ್ಪತ್ತರ ದಶಕದಲ್ಲಿ ಅದರ ಬೆನ್ನು ಹತ್ತಿದರು, 1979ರಲ್ಲಿ ಔಷಧ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಕೂಡಿಕೊಳ್ಳದ ಮೂಳೆ ಮುರಿತಗಳಿಗೆ ಈ ಚಿಕಿತ್ಸೆಯನ್ನು ಒಪ್ಪಿತು.

ನನ್ನ ತಕರಾರು ಶುರುವಾಗುವುದು ಇಲ್ಲಿ. ‘ಎಫ್‌ಡಿಎ ಒಪ್ಪಿದ ತಂತ್ರಜ್ಞಾನ’ ಎಂದು ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಮುದ್ರಿಸಿ, ಅದರ ಕೆಳಗೇ ‘ಮಂಡಿಯ ಗ್ಯಾಪ್ ತುಂಬಿಸುತ್ತೇವೆ’ ಎಂದು ಬರೆಯುವವರು ಮುರಿದ ಮೂಳೆಗೆ ಸಿಕ್ಕ ಒಪ್ಪಿಗೆಯನ್ನು ಸವೆದ ಮೃದ್ವಸ್ಥಿಗೆ (ಕೀಲಿನಲ್ಲಿ ಮೂಳೆಯ ತುದಿಯನ್ನು ಹೊದ್ದಿರುವ ನುಣುಪಾದ ಪದರಕ್ಕೆ) ಸಾಲ ಕೊಡುತ್ತಿದ್ದಾರೆ. ಮೂಳೆಗೆ ರಕ್ತನಾಳಗಳಿವೆ, ಅದು ತನ್ನನ್ನು ತಾನು ಕಟ್ಟಿಕೊಳ್ಳಬಲ್ಲದು. ಮೃದ್ವಸ್ಥಿಗೆ ರಕ್ತನಾಳಗಳೇ ಇಲ್ಲ, ಹೋದದ್ದು ಮರಳುವುದು ಬಲು ಕಷ್ಟ.

ಹಾಗೆಂದು ಯಂತ್ರವೇ ಬೊಗಳೆ ಎನ್ನಲು ನಾನು ಸಿದ್ಧನಿಲ್ಲ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕೊಕ್ರೇನ್ ಸಂಸ್ಥೆ 2013ರಲ್ಲಿ ಕೀಲು ಸವೆತಕ್ಕೆ ಇಂತಹ ಚಿಕಿತ್ಸೆ ಕೊಟ್ಟ 9 ಅಧ್ಯಯನಗಳನ್ನು, ಒಟ್ಟು 636 ಜನರನ್ನು ಪರಿಶೀಲಿಸಿದಾಗ, ಹೋಲಿಕೆಗೆಂದು ಇಟ್ಟ ಸುಳ್ಳು ಯಂತ್ರದ ಚಿಕಿತ್ಸೆ ಪಡೆದವರಿಗಿಂತ ನಿಜವಾದದ್ದನ್ನು ಪಡೆದವರ ನೋವು 100ರ ಅಳತೆಯಲ್ಲಿ ಸುಮಾರು 15 ಅಂಕ ಹೆಚ್ಚು ಇಳಿದಿತ್ತು. ದಾದರಿನ ಪಾದಚಾರಿ ಸೇತುವೆಯನ್ನು ದಿನಕ್ಕೆರಡು ಸಲ ಹತ್ತಿಳಿಯುವವರಿಗೆ ಅದು ಸಣ್ಣ ಲಾಭವಲ್ಲ. ಆದರೆ ನಡೆಯುವುದು, ಏಳುವುದು, ಹತ್ತುವುದು ಮುಂತಾದ ಚಲನೆಯಲ್ಲಿ ಸ್ಪಷ್ಟ ಸುಧಾರಣೆ ಅದೇ ಪರಿಶೀಲನೆಯಲ್ಲಿ ಕಾಣಲಿಲ್ಲ.

ಆದ್ದರಿಂದ ಪ್ಯಾಕೇಜಿಗೆ ಸಹಿ ಹಾಕುವ ಮೊದಲು ಒಂದು ಪ್ರಶ್ನೆ ಕೇಳಿ: ನೋವು ತಗ್ಗಿದ ಆ ದಿನಗಳಲ್ಲಿ ನನ್ನಿಂದ ಯಾವ ವ್ಯಾಯಾಮ ಮಾಡಿಸುತ್ತೀರಿ? ಕುರ್ಚಿಯಲ್ಲಿ ಕುಳಿತು ಕಾಲನ್ನು ನೇರ ಚಾಚಿ ತೊಡೆಯ ಮುಂಭಾಗದ ಸ್ನಾಯುವನ್ನು ಬಿಗಿಹಿಡಿಯುವುದಕ್ಕೆ ಸುರುಳಿಯೂ ಬೇಡ, ಕಂತೂ ಬೇಡ. ಅದನ್ನು ಯಾರೂ ಕರಪತ್ರ ಹಂಚಿ ಮಾರುವುದಿಲ್ಲ ಎಂಬುದೇ ಅದರ ದುರದೃಷ್ಟ. ತೂಕದ ಮಾತೂ ಹಾಗೆಯೇ. ದಪ್ಪ ದೇಹದ ಮಂಡಿನೋವಿನವರಲ್ಲಿ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ ಎಂಬುದು 2005ರಲ್ಲಿ ಅಮೆರಿಕದಲ್ಲಿ ಅಳೆದು ನೋಡಿದ ಸಂಗತಿ. ಮಧ್ಯಾಹ್ನ ಮೂರಕ್ಕೆ ಹೋಟೆಲಿನಲ್ಲೇ ಉಳಿದದ್ದನ್ನು ತಿಂದು ಮುಗಿಸುವ ನಮ್ಮವರಿಗೆ ಇದನ್ನು ಹೇಳುವುದು ಸುಲಭವಲ್ಲ, ಬಲ್ಲೆ.

ಪೇಸ್‌ಮೇಕರ್ ಇರುವವರು ಹೃದಯತಜ್ಞರನ್ನು ಕೇಳದೆ ಈ ಯಂತ್ರದ ಹತ್ತಿರವೂ ಸುಳಿಯಬಾರದು. ಉಳಿದವರು ದುಡ್ಡು ಕಟ್ಟುವ ಮೊದಲು ಕೆಇಎಂ, ಸಯನ್‌ನಂತಹ ಪಾಲಿಕೆ ಆಸ್ಪತ್ರೆಗಳ ಫಿಸಿಯೋಥೆರಪಿ ವಿಭಾಗದಲ್ಲಿಯೋ, ಹಾಜಿ ಅಲಿಯ ಬಳಿ ಇರುವ ಕೇಂದ್ರ ಸರ್ಕಾರದ ಭೌತಿಕ ಚಿಕಿತ್ಸೆ ಮತ್ತು ಪುನರ್ವಸತಿ ಸಂಸ್ಥೆಯಲ್ಲಿಯೋ ಒಮ್ಮೆ ಮಂಡಿ ತೋರಿಸಿಕೊಂಡು ಬನ್ನಿ. ಸಾಲು ಉದ್ದವಿರುತ್ತದೆ, ಬೆಳಿಗ್ಗೆ ಬೇಗ ಹೊರಡಿ.