ಅಜ್ಜಿಯ ಭೂಮಣ್ಣಿ ಬುಟ್ಟಿ

ಇದು ನಮ್ಮ ಅಡುಗೆಮನೆ. ಬೆಳಗಿನ ಜಾವ ಮೂರು ಗಂಟೆ. ಒಲೆ ಮೇಲೆ ಬಗೆಬಗೆ ಸೊಪ್ಪಿನ ಹಚ್ಚಂಬಲಿ ಬೇಯುತ್ತಿದೆ. ಅಮ್ಮ ನಿನ್ನೆ ಸಂಜೆಯಿಂದ ಕೂತೇ ಇಲ್ಲ. ಇವತ್ತು ಭೂಮಿ ಹುಣ್ಣಿಮೆ. ಅಜ್ಜಿ ಇಲ್ಲದ ಮೊದಲ ಭೂಮಿ ಹುಣ್ಣಿಮೆ.

ಈ ವಿಡಿಯೋ ಶೂಟ್ ಮಾಡುವಾಗ ನನಗೆ ಮಾತಾಡೋಕೆ ಆಗಲಿಲ್ಲ. ಅದಕ್ಕೆ ಈಗ ಕೂತು ದನಿ ಸೇರಿಸುತ್ತಿದ್ದೇನೆ.

ಈ ಹೊತ್ತಿಗೆ ನಮ್ಮ ಮಲೆನಾಡಿನಲ್ಲಿ ಭತ್ತ ಹೊಡೆ ತುಂಬಿ ನಿಂತಿರುತ್ತದೆ. ಭೂಮಿ ತಾಯಿ ಬಸುರಿ ಅನ್ನುತ್ತೇವೆ. ಬಸುರಿಗೆ ಬಯಕೆ ಊಟ ಬೇಕಲ್ವಾ? ರಾತ್ರಿಯೆಲ್ಲ ಅಡುಗೆ ಮಾಡಿ, ಬುಟ್ಟಿಯಲ್ಲಿ ತುಂಬಿ, ಬೆಳಕು ಹರಿಯುವ ಮೊದಲು ಗದ್ದೆಗೆ ಹೋಗಿ ಚರಗ ಬೀರುತ್ತೇವೆ, ಅಂದರೆ ಆ ಊಟವನ್ನು ಭೂಮಿಗೆ ಚೆಲ್ಲುತ್ತೇವೆ.

ಇದೇ ಆ ಬುಟ್ಟಿ, ಭೂಮಣ್ಣಿ ಬುಟ್ಟಿ. ಬಿದಿರಿನ ಬುಟ್ಟಿಗೆ ಸಗಣಿ ಬಳಿದು, ಮೇಲೆ ಕೆಮ್ಮಣ್ಣು ಹಚ್ಚಿ ಒಣಗಿಸಬೇಕು. ಅಕ್ಕಿ ನೆನೆಸಿ ಅರೆದರೆ ಬಿಳಿ ಬಣ್ಣ. ಪುಂಡಿ ನಾರಿನದೇ ಕುಂಚ. ನಮ್ಮ ದೀವರ ಸಮುದಾಯದ ಮನೆಗಳಲ್ಲಿ ಚಿತ್ತಾರ ಅಂದರೆ ಹೆಂಗಸರ ಕೆಲಸ.

ಅಜ್ಜಿ ಕಾಲು ಚಾಚಿ ಕೂತು ಬುಟ್ಟಿಯನ್ನು ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದಳು. ಕೈ ಇದ್ದಲ್ಲೇ ಇರುತ್ತಿತ್ತು, ಬುಟ್ಟಿ ತಿರುಗುತ್ತಿತ್ತು. ಒಂದು ಎಳೆ ಮುಗಿಯುವ ತನಕ ಉಸಿರು ಬಿಡುತ್ತಿರಲಿಲ್ಲ. "ಈಗ ಮಾತಾಡಿಸಬೇಡ ಮಗ" ಅನ್ನುತ್ತಿದ್ದಳು. ಎಳೆ ಮುಗಿದ ಮೇಲೆ ಉಸ್ಸಂತ ಉಸಿರು ಬಿಟ್ಟು, ಕುಂಚವನ್ನು ತೆಂಗಿನ ಗರಟೆಗೆ ಅದ್ದಿ, "ಹಾಂ, ಈಗ ಹೇಳು" ಅನ್ನುತ್ತಿದ್ದಳು. ಅಷ್ಟರಲ್ಲಿ ಏನು ಹೇಳಬೇಕು ಅಂತಿದ್ದೆ ಅನ್ನೋದೇ ನನಗೆ ಮರೆತುಹೋಗಿರುತ್ತಿತ್ತು.

ಈ ಸಲ ಒಂದು ಮಗ್ಗುಲು ಅಮ್ಮ ಬರೆದಿದ್ದಾಳೆ, ಇನ್ನೊಂದು ನಾನು. ಎಳೆ ನಡುಗಿರುವ ಕಡೆ ನನ್ನದು.

ಅಜ್ಜಿ ಹುಟ್ಟಿದ ಊರು ಈಗ ಇಲ್ಲ. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿದದ್ದು 1964ರಲ್ಲಿ. ನಮ್ಮ ಕಡೆ ಅದನ್ನು ಒಂದೇ ಮಾತಲ್ಲಿ ಮುಳುಗಡೆ ಅನ್ನುತ್ತಾರೆ. ಮನೆ ಬಿಟ್ಟು ಹೊರಡುವ ದಿನ ಅಜ್ಜಿಯ ಅವ್ವ ಅಂಗಳ ಗುಡಿಸಿ, ಸಗಣಿ ಸಾರಿಸಿ, ಆಮೇಲೆ ಹೊಸ್ತಿಲು ದಾಟಿದರಂತೆ. "ಮುಳುಗೋ ಮನೆಗೆ ಯಾಕಜ್ಜಿ ಸಾರಿಸಿದ್ದು?" ಅಂತ ಕೇಳಿದ್ದೆ. ಅಜ್ಜಿಗೆ ನನ್ನ ಪ್ರಶ್ನೆಯೇ ಅರ್ಥ ಆಗಲಿಲ್ಲ. "ಮತ್ತೆ? ಕಸ ಹಾಗೇ ಬಿಟ್ಟು ಬರಕ್ಕೆ ಆಗ್ತದಾ?" ಅಂದಳು.

ಆ ನೀರಿನಿಂದ ನಾಡಿಗೆ ಕರೆಂಟು ಬಂತು. ನಮ್ಮಮ್ಮ ಓದಿದ್ದು ಚಿಮಣಿ ಬುಡ್ಡಿ ಬೆಳಕಲ್ಲಿ. ಅಮ್ಮ ಮುಂದೆ ಓದಬೇಕು ಅಂದಾಗ ಅಜ್ಜಿ ಹಲಸಿನ ಹಪ್ಪಳ ಮಾಡಿ, ಕಟ್ಟು ಕಟ್ಟಿ ತಲೆ ಮೇಲಿಟ್ಟು, ಹಿನ್ನೀರು ದಾಟಿಸುವ ಲಾಂಚ್ ಹತ್ತಿ ಸಾಗರ ಪೇಟೆಗೆ ಹೋಗಿ ಮಾರಿ ಬರುತ್ತಿದ್ದಳು. ಕಳಸವಳ್ಳಿಯಿಂದ ಹೊಳೆಬಾಗಿಲಿಗೆ ಲಾಂಚ್, ಅಲ್ಲಿಂದ ಬಸ್ಸು. ಸಂಜೆಯ ಕೊನೇ ಲಾಂಚ್ ತಪ್ಪಿದರೆ ರಾತ್ರಿ ಆಚೆ ದಡದಲ್ಲೇ. ಒಂದು ಸಲ ಹಾಗೆ ತಪ್ಪಿ, ಖಾಲಿ ಚೀಲ ಹಾಸಿಕೊಂಡು ದಡದಲ್ಲೇ ಮಲಗಿದ್ದಳಂತೆ. ಸೊಂಟಕ್ಕೆ ಕಟ್ಟಿಕೊಂಡಿದ್ದ ಫೀಸಿನ ದುಡ್ಡಿನ ಮೇಲೆ ಕೈ ಇಟ್ಟುಕೊಂಡು. ಇದನ್ನು ನನಗೆ ಹೇಳಿದ್ದು ಅಮ್ಮ. ಅಜ್ಜಿ ಯಾವತ್ತೂ ಹೇಳಲಿಲ್ಲ.

ಇದು ಲಾಂಚ್ ದಾಟುತ್ತಿದ್ದ ಅದೇ ಹಿನ್ನೀರಿನ ಮೇಲಿನ ಹೊಸ ಸೇತುವೆ. ನಿನ್ನೆ ಊರಿಗೆ ಬರುವಾಗ ಬಸ್ಸಿಂದ ತೆಗೆದದ್ದು. 2.44 ಕಿಲೋಮೀಟರ್ ಉದ್ದ. 2025ರ ಜುಲೈ 14ಕ್ಕೆ ಉದ್ಘಾಟನೆ ಆಯಿತು. ಅಜ್ಜಿ ಹೋಗಿದ್ದು ಅದೇ ವರ್ಷ ಮಾರ್ಚಿನಲ್ಲಿ. "ಸೇತುವೆ ಆಗ್ಲಿ, ಕಿಟಕಿ ಪಕ್ಕ ಕೂತ್ಕಂಡು ಸಾಗರಕ್ಕೆ ಹೋಗಿ, ಅದೇ ಬಸ್ಸಲ್ಲಿ ವಾಪಸ್ ಬರ್ತೀನಿ. ಕೆಲಸ ಏನಿಲ್ಲ, ಸುಮ್ನೆ" ಅನ್ನುತ್ತಿದ್ದಳು. ನಿನ್ನೆ ನನಗೆ ಕಿಟಕಿ ಪಕ್ಕದ ಸೀಟೇ ಸಿಕ್ಕಿತು. ಜಾಸ್ತಿ ಹೇಳೋಕೆ ಆಗಲ್ಲ, ನೀರು ನೋಡಿ.

ಈಗ ಗದ್ದೆ. ಇನ್ನೂ ಕತ್ತಲು. ಮುಂದೆ ಬುಟ್ಟಿ ಹೊತ್ತಿರುವುದು ಮಾವ. ಹಚ್ಚಂಬಲಿ, ಹಾಲಂಬಲಿ ಅಂತ ಕೂಗುತ್ತಿರುವುದೂ ಅವರೇ. ಕೊಟ್ಟೆ ಕಡುಬು, ಅಮಟೆಕಾಯಿ, ಸೊಪ್ಪು, ಎಲ್ಲ ಎಡೆಯಲ್ಲಿದೆ. ಕಾಗೆಗೂ ಇಲಿಗೂ ಪಾಲಿದೆ.

ಇಲ್ಲಿ ಅಮ್ಮನ ಕೈ ನೋಡಿ. ಪೂಜೆ ಮಾಡುವಾಗ ಪೈರಿಗೆ ನಮ್ಮ ಒಡವೆ ಹಾಕುತ್ತೇವೆ, ಬಸುರಿಗೆ ಸಿಂಗಾರ ಮಾಡಿದ ಹಾಗೆ. ಅದು ಅಜ್ಜಿಯ ಸರ. ನೂಲು ಹಳೆಯದಾಗಿತ್ತು, ಅಮ್ಮ ಹೋದ ವಾರ ಕೂತು ಹೊಸದಾಗಿ ಪೋಣಿಸಿದಳು. ಪೈರು ಸ್ವಲ್ಪ ಬಾಗಿತು. ಅಮ್ಮ ಎರಡೂ ಕೈಯಲ್ಲಿ ಹಿಡಿದು ನಿಲ್ಲಿಸಿದಳು. ತುಂಬಾ ಹೊತ್ತು ಬಿಡಲಿಲ್ಲ.

ಪೂಜೆ ಆದ ಮೇಲೆ ಎಲ್ಲರೂ ಗದ್ದೆಯಲ್ಲೇ ಊಟಕ್ಕೆ ಕೂರುತ್ತೇವೆ. ಅಜ್ಜಿ ಮಾತ್ರ ಕೂರುತ್ತಿರಲಿಲ್ಲ. ಒಂದು ಹಿಡಿ ಎಡೆ ಬಾಳೆಲೆಯಲ್ಲಿ ಕಟ್ಟಿಕೊಂಡು ಹಿನ್ನೀರಿನ ದಡಕ್ಕೆ ಇಳಿಯುತ್ತಿದ್ದಳು. ಅವಳ ಅಪ್ಪನ ಗದ್ದೆ ಆ ನೀರಿನ ಕೆಳಗಿದೆ. "ಅದೂ ಭೂಮಿನೇ ಅಲ್ವಾ ಮಗ, ಅದಕ್ಕೂ ಹಸಿವಾಗ್ತದೆ" ಅನ್ನುತ್ತಿದ್ದಳು.

ಈ ಸಲ ಬಾಳೆಲೆ ಕಟ್ಟು ನನ್ನ ಕೈಯಲ್ಲಿದೆ. ದಡದಲ್ಲಿ ಮಂಜು, ಆಚೆ ಏನೂ ಕಾಣುತ್ತಿಲ್ಲ. ಹಿಂದೆ ಕೇಳುತ್ತಿರುವುದು ಅಮ್ಮನ ದನಿ. "ಇನ್ನೂ ಸ್ವಲ್ಪ ಮುಂದೆ ಹೋಗು ಮಗ. ಅಜ್ಜಿ ಮೊಣಕಾಲು ನೀರಿಗೆ ಇಳೀತಿದ್ಲು."