ಎಸಿಎಲ್ ಆಪರೇಷನ್ ಆದ್ಮೇಲೆ ತೊಡೆಗೆ ಕಫ್ ಯಾಕೆ ಕಟ್ತಾರೆ?

[ದೃಶ್ಯ: ಮಂಚದ ಮೇಲೆ ಚಾಚಿದ ಎರಡು ಕಾಲು. ಒಂದು ತೊಡೆ ಸೊರಗಿದೆ.]

ಎಸಿಎಲ್ ಅಂದ್ರೆ ಮಂಡಿಯೊಳಗೆ ಮೂಳೆಗಳನ್ನ ಹಿಡಿದಿಡೋ ಒಂದು ಲಿಗಮೆಂಟ್. ಅದರ ಆಪರೇಷನ್ ಆದ ಕೆಲವೇ ವಾರಕ್ಕೆ ಆ ಕಾಲಿನ ತೊಡೆ ಇಳಿದುಹೋಗಿರುತ್ತೆ. ಮಂಡಿ ಊದಿಕೊಂಡಿರೋವಾಗ ತೊಡೆ ಮುಂಭಾಗದ ಕ್ವಾಡ್ರಿಸೆಪ್ಸ್ ಸ್ನಾಯುವಿಗೆ ಹೋಗೋ ನರದ ಸಂದೇಶವೇ ತಗ್ಗುತ್ತೆ. ನೀವೆಷ್ಟೇ ಬಿಗಿ ಹಿಡಿದ್ರೂ ಅದು ಪೂರ್ತಿ ಬಿಗಿಯಾಗಲ್ಲ. ಇದು ಸೋಮಾರಿತನ ಅಲ್ಲ, ದಯವಿಟ್ಟು ನಿಮ್ಮನ್ನ ನೀವು ಬೈಕೋಬೇಡಿ.

ಸ್ನಾಯುವಿಗೆ ಬಲ ಬರ್ಬೇಕಂದ್ರೆ, ಒಂದೇ ಸಲ ಎತ್ತಬಲ್ಲ ಗರಿಷ್ಠ ಭಾರದ ಸುಮಾರು ಶೇ. 70ರಷ್ಟು ಎತ್ತಿಸೋದು ವಾಡಿಕೆ. ಹೊಸ ಗ್ರಾಫ್ಟ್, ಅಂದ್ರೆ ಹರಿದ ಎಸಿಎಲ್ ಜಾಗಕ್ಕೆ ಕೂರಿಸಿದ ನಾರು, ಇರೋ ಮಂಡಿಗೆ ಶುರುವಿನಲ್ಲೇ ಅಷ್ಟು ಹೊರೆ ಹಾಕೋ ಹಾಗಿಲ್ಲ. ಬಿಎಫ್‌ಆರ್, ಅಂದ್ರೆ ಬ್ಲಡ್ ಫ್ಲೋ ರಿಸ್ಟ್ರಿಕ್ಷನ್ (ರಕ್ತದ ಹರಿವನ್ನ ಕಫ್‌ನಿಂದ ತಗ್ಗಿಸಿ ಮಾಡಿಸೋ ವ್ಯಾಯಾಮ), ಕೆಲಸಕ್ಕೆ ಬರೋದು ಈಗ.

[ದೃಶ್ಯ: ತೊಡೆಯ ಮೇಲ್ತುದಿಗೆ ಅಗಲವಾದ ಕಫ್ ಸುತ್ತುತ್ತಿರುವ ಫಿಸಿಯೋ]

ಬಿಪಿ ನೋಡೋವಾಗ ತೋಳಿಗೆ ಸುತ್ತೋ ಪಟ್ಟಿ ಥರದ್ದೇ ಇದು. ಗಾಳಿ ತುಂಬಿದಾಗ ಕಾಲಿಗೆ ಇಳಿಯೋ ರಕ್ತ ಕಡಿಮೆಯಾಗುತ್ತೆ, ಮೇಲಕ್ಕೆ ಹೋಗೋ ರಕ್ತ ಬಹುಪಾಲು ತಡೆಯುತ್ತೆ. ಆಮ್ಲಜನಕ ಸಾಲದೆ ಸ್ನಾಯು ಬೇಗ ದಣಿಯುತ್ತೆ, ಹೆಚ್ಚು ಭಾರ ಎತ್ತಿದಾಗ ಮಾತ್ರ ಏಳೋ ದೊಡ್ಡ ಸ್ನಾಯು ತಂತುಗಳೂ ಕೆಲಸಕ್ಕಿಳೀತವೆ. ಎತ್ತೋ ಭಾರ ಆ ಗರಿಷ್ಠದ ಶೇ. 20ರಿಂದ 30 ಅಷ್ಟೇ.

ಈ ಭಾರವನ್ನ ಎತ್ತೋದು ಮೊದಲು 30 ಸಲ, ಆಮೇಲೆ ಮೂರು ಸುತ್ತು 15ರಂತೆ. ನಡುವೆ 30 ಸೆಕೆಂಡ್ ಬಿಡುವು. ಮೂರನೇ ಸುತ್ತಿಗೆ ತೊಡೆ ಉರಿಯುತ್ತೆ, ಅದು ಸಹಜ. ಪಾದ ಜೋಮು ಹಿಡಿದ್ರೆ ಮಾತ್ರ ತಕ್ಷಣ ಹೇಳಿ, ಗಾಳಿ ಬಿಡಿಸಿಕೊಳ್ಳಿ.

ಬ್ರಿಟನ್‌ನಲ್ಲಿ ಎಸಿಎಲ್ ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 8 ವಾರದ ನಂತರ ಬಿಎಫ್‌ಆರ್ ಗುಂಪಿನವರು ಹೆಚ್ಚು ಭಾರ ಎತ್ತಿದವರಷ್ಟೇ ಬಲ ಪಡೆದಿದ್ರು. ಮಂಡಿ ನೋವು ಅವರಿಗೇ ಕಡಿಮೆ. ಅಧ್ಯಯನ ಚಿಕ್ಕದು, ಆದ್ರೂ ನನಗೆ ಭರವಸೆ ಕೊಟ್ಟಿದ್ದು ಈ ನೋವಿನ ಲೆಕ್ಕವೇ.

[ದೃಶ್ಯ: ಕಾಲಿನ ನಾಡಿಯ ಮೇಲೆ ಡಾಪ್ಲರ್]

ಈಗ ಒತ್ತಡದ ವಿಷಯ, ಗಮನವಿಟ್ಟು ಕೇಳಿ. ನಾಡಿ ಪೂರ್ತಿ ನಿಲ್ಲೋ ಒತ್ತಡ ಎಷ್ಟು ಅಂತ ಡಾಪ್ಲರ್‌ನಲ್ಲಿ, ಅಂದ್ರೆ ರಕ್ತದ ಹರಿವು ತಿಳಿಸೋ ಸಾಧನದಲ್ಲಿ, ಮೊದಲು ನೋಡ್ತಾರೆ. ಅದರ ಶೇ. 40ರಿಂದ 80ರಷ್ಟನ್ನ ಮಾತ್ರ ಇಡ್ತಾರೆ. ತೊಡೆ ದಪ್ಪ, ಬಿಪಿ, ಕಫ್ ಅಗಲ ಬದಲಾದ ಹಾಗೆ ಆ ಅಂಕಿಯೂ ಬದಲಾಗುತ್ತೆ. ಪಕ್ಕದ ಬೆಡ್‌ನವರ ಅಂಕಿ ನಿಮಗಾಗಲ್ಲ. ಮನೇಲಿ ರಬ್ಬರ್ ಪಟ್ಟಿ, ದುಪ್ಪಟ್ಟಾ ಬಿಗಿದು ಪ್ರಯೋಗ ಮಾಡಲೇಬೇಡಿ.

ಹಿಂದೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ, ಅಥವಾ ಈಗ ಮೀನಖಂಡ ಊದಿ ನೋಯ್ತಿದ್ದರೆ, ಕಫ್ ಮುಟ್ಟೋ ಮೊದಲೇ ಡಾಕ್ಟರ್‌ಗೆ ತಿಳಿಸಿ. ಎಲ್ಲ ಸರಿ ಇದ್ರೆ ಫಿಸಿಯೋನ ಕೇಳಿ: "ನನ್ನ ಒತ್ತಡ ಅಳೆದ್ರಾ? ಅದರಲ್ಲಿ ಎಷ್ಟು ಪರ್ಸೆಂಟ್ ಇಡ್ತಿದ್ದೀರಿ?"