ಹಾಸನದಿಂದ ಹೊರಟಿದ್ದೇ ತಪ್ಪು! ಗ್ರಾಫ್ ಥಿಯರಿ ಮತ್ತು ಒಂದು ಪಂಕ್ಚರ್

ಹೌದು, ಈ ಮರಗಳ ಸಾಲನ್ನು ಈಗಷ್ಟೇ ನೋಡಿದಿರಿ. ವಿಡಿಯೊ ರಿಪೀಟ್ ಆಗಿಲ್ಲ. ಚಿಕ್ಕಮಗಳೂರಿಂದ ಬೇಲೂರಿಗೆ ನಾನೇ ವಾಪಸ್ ಬರುತ್ತಿದ್ದೇನೆ.

ಬೆಳಿಗ್ಗೆ ಪ್ಲಾನ್ ಚೆನ್ನಾಗೇ ಇತ್ತು. ಒಳದಾರಿಗಳನ್ನು ಬಿಡಿ, ಇಲ್ಲಿ ನನಗೆ ಬೇಕಾದದ್ದು ನಾಲ್ಕೇ ರಸ್ತೆ. ಹಾಸನ–ಹಳೇಬೀಡು, ಹಳೇಬೀಡು–ಬೇಲೂರು, ಬೇಲೂರು–ಹಾಸನ, ಬೇಲೂರು–ಚಿಕ್ಕಮಗಳೂರು. ಎಲ್ಲವನ್ನೂ ಒಂದೊಂದೇ ಸಲ ಓಡಿಸಿ ಶೂಟ್ ಮಾಡಬೇಕು ಅಂತ ಹಾಸನದಿಂದ ಹೊರಟೆ. ಆಗಲಿಲ್ಲ. ಬಂದ ದಾರಿಯಲ್ಲೇ 25 ಕಿಲೋಮೀಟರ್ ದಂಡ.

ಆ ದಂಡದ ದಾರಿಯಲ್ಲೇ ಪಂಕ್ಚರ್. ಇಷ್ಟೇ ಇಷ್ಟು ಮೊಳೆ. ಬಿಸಿಲಲ್ಲಿ ಬೈಕ್ ತಳ್ಳಿಕೊಂಡು ಹೋದರೆ ಅಂಗಡಿಯವರು 300 ರೂಪಾಯಿ ಕೇಳಿದರು. 'ಹಾಸನದಲ್ಲಿ ನೂರೈವತ್ತಕ್ಕೆ ಹಾಕ್ತಾರಲ್ಲ' ಅಂದೆ. 'ಹಂಗಾದ್ರೆ ಹಾಸನಕ್ಕೇ ತಳ್ಕೊಂಡು ಹೋಗಿ ಸಾರ್' ಅಂದರು. ಕೊಟ್ಟೆ. ಹಗಲು ದರೋಡೆ. ಆದರೂ ಕೆಲಸ ನೀಟಾಗಿ ಮಾಡಿದರು, ಕುಡಿಯಲು ನೀರೂ ಕೊಟ್ಟರು. ಸರಿ, ಇನ್ನೂರು ಆಗಿದ್ದರೆ ನ್ಯಾಯ.

ಕಾಯುವಾಗ ರಟ್ಟಿನ ಮೇಲೆ ಇದನ್ನು ಬರೆದೆ. ಊರಿಗೊಂದು ಚುಕ್ಕಿ, ರಸ್ತೆಗೊಂದು ಗೆರೆ. ಗ್ರಾಫ್ ಅಂದರೆ ಇಷ್ಟೇ. ಪರೀಕ್ಷೆಯಲ್ಲಿ ಗ್ರಾಫ್ ಶೀಟ್ ಮೇಲೆ ಬಿಡಿಸುತ್ತಿದ್ದೆವಲ್ಲ, ಅದಲ್ಲ.

1736ರಲ್ಲಿ ಗಣಿತಜ್ಞ ಆಯ್ಲರ್ ಎದುರಿಗಿದ್ದದ್ದೂ ಇದೇ ತಲೆನೋವು. ಕೋನಿಗ್ಸ್‌ಬರ್ಗ್ ಊರು, ಈಗ ರಷ್ಯಾದ ಕಲಿನಿನ್‌ಗ್ರಾಡ್. ಏಳು ಸೇತುವೆ, ಒಂದೊಂದನ್ನೂ ಒಂದೇ ಸಲ ದಾಟಬೇಕು. ಅವರು ಸುಮ್ನೆ ಗೆರೆ ಎಣಿಸಿದರು. ಒಂದು ಚುಕ್ಕಿಗೆ ಬಂದರೆ ಹೋಗಲು ಇನ್ನೊಂದು ಗೆರೆ ಬೇಕು, ಅಲ್ವಾ? ಹಾಗಾಗಿ ಗೆರೆಗಳು ಜೋಡಿ ಜೋಡಿ ಇರಬೇಕು. ಬೆಸ ಸಂಖ್ಯೆ ಬಂದರೆ ಆ ಚುಕ್ಕಿ ದಾರಿಯ ಶುರುವಾಗಿರಬೇಕು, ಇಲ್ಲ ಕೊನೆಯಾಗಿರಬೇಕು. ಅಂದರೆ ಬೆಸ ಚುಕ್ಕಿ ಎರಡಕ್ಕಿಂತ ಹೆಚ್ಚಿರಬಾರದು. ಅಲ್ಲಿ ನದಿ ಬೇರೆ ಮಾಡಿದ ನಾಲ್ಕು ನೆಲದ ತುಂಡುಗಳೇ ಚುಕ್ಕಿ, ಸೇತುವೆಗಳೇ ಗೆರೆ. ನಾಲ್ಕೂ ಚುಕ್ಕಿ ಬೆಸ. 5, 3, 3, 3. ಆಗಲ್ಲ, ಮುಗೀತು.

ನನ್ನ ರಟ್ಟಿನಲ್ಲಿ ಬೇಲೂರಿಗೆ ಮೂರು ಗೆರೆ, ಚಿಕ್ಕಮಗಳೂರಿಗೆ ಒಂದು. ಇವೆರಡೇ ಬೆಸ. ಅಂದರೆ ಒಂದರಲ್ಲಿ ಹೊರಟು ಇನ್ನೊಂದರಲ್ಲಿ ನಿಲ್ಲಬೇಕಿತ್ತು. ಹಾಸನದಿಂದ ಹೊರಟಾಗಲೇ ನಾನು ಸೋತಿದ್ದೆ.

ಹೊಸಬರಿಗೆ ಇದನ್ನು ಕಲಿಸುವುದು ಇದಕ್ಕೇ. ಕ್ಯಾಲ್ಕುಲಸ್ ಬೇಡ, ಪೆನ್ಸಿಲ್ ಸಾಕು. 'ನನ್ನ ಕೈಲಿ ಆಗಲಿಲ್ಲ' ಅನ್ನುವುದಕ್ಕೂ 'ಯಾರ ಕೈಲೂ ಆಗಲ್ಲ' ಅನ್ನುವುದಕ್ಕೂ ವ್ಯತ್ಯಾಸ ಮೊದಲ ದಿನವೇ ಕಾಣುತ್ತದೆ. ಮಕ್ಕಳಾಟ ಅಂದುಕೊಂಡಿದ್ದೆ ನಾನು. ಡೈಕ್‌ಸ್ಟ್ರಾ ಅಂತ ಒಬ್ಬರು ಕಂಪ್ಯೂಟರ್ ವಿಜ್ಞಾನಿ, ಇಂಥದೇ ಚುಕ್ಕಿ-ಗೆರೆಗಳಲ್ಲಿ ಹತ್ತಿರದ ದಾರಿ ಹುಡುಕುವ ಲೆಕ್ಕವನ್ನು 1956ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕಾಫಿ ಕುಡಿಯುತ್ತಾ 20 ನಿಮಿಷದಲ್ಲಿ ಹೊಳೆಯಿಸಿಕೊಂಡರಂತೆ. ನಮ್ಮೂರ ಕಾಫಿ ಕುಡಿದಿದ್ದರೆ ಹತ್ತೇ ನಿಮಿಷ.

ಮುಂದಿನ ಸಲ ಚಿಕ್ಕಮಗಳೂರಲ್ಲಿ ಅಕ್ಕನ ಮನೆಯಿಂದ ಹೊರಟು ಬೇಲೂರಲ್ಲಿ ಮುಗಿಸುತ್ತೇನೆ. ಆದರೆ ಆಮೇಲೆ ಮನೆಗೆ? ಅದೇ ಹಾಸನದ ರಸ್ತೆ! ಅಯ್ಯೋ, ಗೋಪುರ ಬಂತು, ಬ್ಯಾಟರಿನೂ ಕೆಂಪು. ಸರಿ, ಹೋಗಿ ಕಾಫಿ ಕುಡಿಯೋಣ.